ಕೊನೆಯ ಲೇಪದ ಲೆಕ್ಕ: ಬಣ್ಣದ ಕಿರುಗೊಂಬೆಗಳಿಗೆ ಏರ್‌ಬ್ರಷ್ ವಾರ್ನಿಷ್

ಬಣ್ಣ ಹಚ್ಚಿದ ಕಿರುಗೊಂಬೆಯೊಂದು ಅಂಗಡಿಯ ಗಾಜಿನ ಕಪಾಟು ಸೇರುವ ಮೊದಲು ಹಲವು ಕೈಗಳನ್ನು ದಾಟಿ ಬರುತ್ತದೆ. ಮರ ಕಡಿಯುವವರು, ಕೆತ್ತುವವರು, ಉಜ್ಜಿ ನಯಗೊಳಿಸುವವರು, ತಳಬಣ್ಣ ಹಚ್ಚುವವರು, ಕಣ್ಣು ಮತ್ತು ಆಭರಣದ ಗೆರೆಗಳನ್ನು ಎಳೆಯುವವರು ಎಲ್ಲರ ದುಡಿಮೆಯೂ ಅದರ ಮೇಲೆ ಪದರ ಪದರವಾಗಿ ಕೂಡಿರುತ್ತದೆ. ಕಟ್ಟಕಡೆಗೆ ಬರುವುದು ಪಾರದರ್ಶಕ ವಾರ್ನಿಷ್. ಕೈತಾಗಿ ಬಣ್ಣ ಸವೆಯದಂತೆ, ತೇವ ಒಳಗಿಳಿಯದಂತೆ, ಧೂಳು ಅಂಟಿದರೆ ಒರೆಸಲು ಬರುವಂತೆ ಮಾಡುವುದು ಅದರ ಕೆಲಸ. ಸಾಮಗ್ರಿಯ ಬೆಲೆಯಲ್ಲಿ ಇದು ಅತ್ಯಂತ ಅಗ್ಗದ ಹಂತ. ಆದರೆ ಇಲ್ಲಿ ತಪ್ಪಿದರೆ ಹಾಳಾಗುವುದು ಆ ಹಂತವೊಂದೇ ಅಲ್ಲ, ಹಿಂದಿನ ಎಲ್ಲ ಹಂತಗಳ ಕೂಲಿಯೂ ಅದರೊಡನೆ ಹೋಗುತ್ತದೆ.

ಈ ಕಾರಣದಿಂದ ಕೊನೆಯ ಲೇಪವನ್ನು ವಾರ್ನಿಷ್ ಡಬ್ಬಿಯ ಬೆಲೆಯಿಂದ ಅಳೆಯದೆ, ಅದು ಕಾಪಾಡಬೇಕಾದ ಸರಕಿನ ಬೆಲೆಯಿಂದ ಅಳೆಯುವುದು ಉದ್ದಿಮೆದಾರನಿಗೆ ಹಿತ. ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಂತಹ ಸ್ಥಳದಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ದಸರಾ ಗೊಂಬೆಗಳಿಗೆ ಬೇಡಿಕೆ ಬರುವುದು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ. ಅದಕ್ಕಾಗಿ ಸರಕು ಸಿದ್ಧಪಡಿಸಬೇಕಾದ ಕಾಲ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ. ವಾರ್ನಿಷ್‌ಗೆ ಅತಿ ದೊಡ್ಡ ಶತ್ರುವಾದ ತೇವವು ಗಾಳಿಯಲ್ಲಿ ತುಂಬಿರುವ ದಿನಗಳಲ್ಲಿಯೇ ಅತಿ ಹೆಚ್ಚು ವಾರ್ನಿಷ್ ಸಿಂಪಡಿಸಬೇಕಾದ ಸಂದರ್ಭ ಇದು.

ನಾಡಿನ ಹಳೆಯ ಪದ್ಧತಿಗಳು

ಬಣ್ಣವನ್ನು ಕಾಪಾಡುವ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ಚನ್ನಪಟ್ಟಣದಲ್ಲಿ ಆಲೆಮರದ ತುಂಡನ್ನು ಲೇತಿನ ಮೇಲೆ ತಿರುಗಿಸುತ್ತಾ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಅಲ್ಲಿ ಬಣ್ಣವೂ ರಕ್ಷಣೆಯೂ ಒಂದೇ ಪದರವಾಗಿರುವುದರಿಂದ ಮೇಲೊಂದು ವಾರ್ನಿಷ್ ಬೇಕಾಗುವುದಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ರೀತಿ ಬೇರೆ. ಹಗುರವಾದ ಮರದ ಮೇಲೆ ಹುಣಸೆಬೀಜದ ಅಂಟು ಸೇರಿದ ಲೇಪ ಕೊಟ್ಟು, ಅದರ ಮೇಲೆ ಕುಂಚದಿಂದ ಬಣ್ಣ ತುಂಬುತ್ತಾರೆ. ಇಲ್ಲಿ ಬಣ್ಣವು ಮೇಲ್ಮೈಯಲ್ಲಿಯೇ ಇರುವುದರಿಂದ ಅದಕ್ಕೆ ರಕ್ಷಣೆ ಬೇರೆಯಾಗಿ ಬೇಕು. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬಗಳ ಗುಡಿಗಾರರ ಗಂಧದ ಕೆತ್ತನೆಯದು ಮೂರನೆಯ ಬಗೆ. ಪರಿಮಳವೇ ಬೆಲೆಯಾಗಿರುವ ಆ ವಸ್ತುವನ್ನು ವಾರ್ನಿಷ್‌ನಿಂದ ಮುಚ್ಚುವುದು ನಷ್ಟದ ವ್ಯಾಪಾರ.

ವಾರ್ನಿಷ್ ತಯಾರಿಕೆಯಲ್ಲಿಯೂ ನಾಡಿಗೆ ಪರಂಪರೆಯಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಸ್ಥಾಪನೆಯಾಯಿತು. ಹೆಸರೇ ಹೇಳುವಂತೆ ಅರಗು ಅದರ ಮೂಲ ಬಂಡವಾಳ. 1989ರಲ್ಲಿ ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್ ಎಂಬ ಹೆಸರು ಪಡೆಯಿತು. 1962ರ ಸಾರ್ವತ್ರಿಕ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಒದಗಿಸುತ್ತಿರುವುದು ಈ ಸಂಸ್ಥೆಯೇ.

ಈ ಹಿನ್ನೆಲೆಯಿಂದ ಒಂದು ವ್ಯಾವಹಾರಿಕ ನಿಯಮ ಹೊರಡುತ್ತದೆ: ಕೆಳಗಿನ ಪದರ ಯಾವುದೆಂದು ತಿಳಿಯದೆ ಮೇಲಿನ ಪದರವನ್ನು ಆರಿಸಬಾರದು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಆದ್ದರಿಂದ ಅರಗಿನ ಬಣ್ಣದ ಮೇಲೆ ಸ್ಪಿರಿಟ್ ಆಧಾರದ ವಾರ್ನಿಷ್ ಬಿದ್ದರೆ ಬಣ್ಣವೇ ಕದಡುತ್ತದೆ. ಹುಣಸೆಬೀಜದ ಅಂಟಿನ ಲೇಪವು ನೀರಿಗೆ ಮೆತ್ತಗಾಗುತ್ತದೆ. ಅದರ ಮೇಲೆ ನೀರಿನ ಆಧಾರದ ವಾರ್ನಿಷ್ ದಪ್ಪವಾಗಿ ಬಿದ್ದರೆ ಉಬ್ಬು ಕಾಣಿಸಿಕೊಳ್ಳಬಹುದು. ಅಕ್ರಿಲಿಕ್ ಬಣ್ಣದ ಮೇಲೆ ಪ್ರಬಲವಾದ ಥಿನ್ನರ್ ಸೇರಿದ ಲ್ಯಾಕರ್ ಬಿದ್ದರೆ ಬಣ್ಣ ಸುಕ್ಕುಗಟ್ಟಬಹುದು. ಪ್ರತಿ ಹೊಸ ಬಣ್ಣಕ್ಕೂ, ಪ್ರತಿ ಹೊಸ ಡಬ್ಬಿಗೂ ಒಂದು ಹಾಳು ತುಂಡಿನ ಮೇಲೆ ಪರೀಕ್ಷೆ ನಡೆಸಿ 24 ಗಂಟೆ ಕಾದು ನೋಡುವುದು ಅಗ್ಗದ ವಿಮೆ.

ಏರ್‌ಬ್ರಷ್ ಏಕೆ?

ಕುಂಚದಿಂದ ವಾರ್ನಿಷ್ ಹಚ್ಚುವಾಗ ಕೂದಲಿನ ಗೆರೆ ಉಳಿಯುತ್ತದೆ, ಮಡಿಕೆಗಳಲ್ಲಿ ದ್ರವ ನಿಲ್ಲುತ್ತದೆ, ಸೂಕ್ಷ್ಮ ಗೆರೆಗಳು ಕುಂಚದ ಉಜ್ಜಿಗೆ ಅಳಿಸಿಹೋಗುವ ಭಯವಿರುತ್ತದೆ. ಮೋಟಾರು ವಾಹನಗಳಿಗೆ ಬಳಸುವ ದೊಡ್ಡ ಸ್ಪ್ರೇ ಗನ್ ಇಂತಹ ಸಣ್ಣ ವಸ್ತುವಿಗೆ ಅತಿಯಾಗುತ್ತದೆ. ಏರ್‌ಬ್ರಷ್ ಇವೆರಡರ ನಡುವಿನ ಸಾಧನ. ಲೇಖನಿಯಂತೆ ಕೈಯಲ್ಲಿ ಹಿಡಿಯುವ ಈ ಉಪಕರಣದ ಬಾಯಿ ಸಾಮಾನ್ಯವಾಗಿ 0.2ರಿಂದ 0.5 ಮಿ.ಮೀ. ಇರುತ್ತದೆ. ಒಳಗಿನ ಸೂಜಿ ಹಿಂದೆ ಸರಿದಂತೆ ದ್ರವ ಹೊರಬಂದು, ಸುತ್ತಲಿನ ಗಾಳಿಯ ರಭಸಕ್ಕೆ ಸಣ್ಣ ಹನಿಗಳಾಗಿ ಒಡೆಯುತ್ತದೆ. ಬಣ್ಣದ ದ್ರವಕ್ಕಿಂತ ವಾರ್ನಿಷ್ ಮಂದವಾಗಿರುವುದರಿಂದ ಈ ಕೆಲಸಕ್ಕೆ 0.3ರಿಂದ 0.5 ಮಿ.ಮೀ. ಬಾಯಿ ಸೂಕ್ತ. ಮೇಲೆ ಬಟ್ಟಲಿರುವ ಮಾದರಿ ಕಡಿಮೆ ಒತ್ತಡದಲ್ಲಿಯೂ ಕೆಲಸ ಮಾಡುತ್ತದೆ, ಅದನ್ನು ತೊಳೆಯುವುದೂ ಸುಲಭ.

ಮಾಚೇನಹಳ್ಳಿಗೆ ಗಾಳಿಯ ಒತ್ತಡದ ಕೆಲಸವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಾರ್ಯಾರಂಭ ಮಾಡಿದಂದಿನಿಂದ ಈ ಭಾಗದಲ್ಲಿ ಲೋಹದ ಕೆಲಸ ಬೆಳೆದು ಬಂದಿದೆ. ಎರಕ ಹಾಗೂ ಯಂತ್ರದ ಕೆಲಸದ ಶೆಡ್‌ಗಳಲ್ಲಿ ಕಂಪ್ರೆಸರ್ ದಿನನಿತ್ಯದ ವಸ್ತು. ಆದರೆ ಎರಕದ ಮರಳು ಊದಲು ಸಾಕಾಗುವ ಗಾಳಿ ವಾರ್ನಿಷ್‌ಗೆ ಸಾಕಾಗದು. ಅದು ಒಣಗಿದ, ಎಣ್ಣೆಯಿಲ್ಲದ, ಧೂಳಿಲ್ಲದ ಗಾಳಿಯಾಗಿರಬೇಕು.

ಗಾಳಿಯೊಡನೆ ಬರುವ ನೀರು, ಎಣ್ಣೆ, ಧೂಳು

ಮೊದಲನೆಯದು ನೀರು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ. 85 ಆರ್ದ್ರತೆಯುಳ್ಳ ಮಳೆಗಾಲದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 20 ಗ್ರಾಂ ನೀರಿನ ಆವಿ ಇರುತ್ತದೆ. ಆ ಗಾಳಿಯನ್ನು ಕಂಪ್ರೆಸರ್ 7 ಬಾರ್ ಒತ್ತಡಕ್ಕೆ ಹಿಂಡಿದಾಗ ಎಂಟು ಪಾಲು ಗಾಳಿ ಒಂದು ಪಾಲಿನ ಜಾಗಕ್ಕೆ ಇಳಿಯುತ್ತದೆ. ತಣಿದ ಮೇಲೆ ಅಷ್ಟು ಆವಿಯನ್ನು ಹಿಡಿದಿಡಲಾರದೆ ಅದು ನೀರಾಗಿ ಇಳಿಯುತ್ತದೆ. ನಿಮಿಷಕ್ಕೆ 15 ಲೀಟರ್ ಗಾಳಿ ಬಳಸುವ ಏರ್‌ಬ್ರಷ್ ಆರು ಗಂಟೆ ಕೆಲಸ ಮಾಡಿದರೆ ಹೀಗೆ ಇಳಿಯುವ ನೀರು ಸುಮಾರು 90 ಮಿ.ಲೀ., ಅಂದರೆ ಅರ್ಧ ಲೋಟ. ಅದು ಟ್ಯಾಂಕಿನ ತಳದಲ್ಲಿ ನಿಲ್ಲಬೇಕೇ ಅಥವಾ ಗೊಂಬೆಯ ಮುಖದ ಮೇಲೆ ಹನಿಯಾಗಿ ಬೀಳಬೇಕೇ ಎಂಬುದು ವ್ಯವಸ್ಥೆಗೆ ಬಿಟ್ಟ ವಿಷಯ. ಟ್ಯಾಂಕಿನ ನೀರನ್ನು ಪ್ರತಿದಿನ ಹೊರಬಿಡಬೇಕು. ನೀರು ಹಿಡಿಯುವ ಫಿಲ್ಟರನ್ನು ಬಿಸಿಯಾಗಿರುವ ಕಂಪ್ರೆಸರಿನ ಬಾಯಿಗೇ ಜೋಡಿಸಿದರೆ ಆವಿ ಅದನ್ನು ದಾಟಿ ಮುಂದೆ ಕೊಳವೆಯಲ್ಲಿ ನೀರಾಗುತ್ತದೆ. ಗಾಳಿ ತಣಿದ ನಂತರದ ಸ್ಥಳದಲ್ಲಿ, ಏರ್‌ಬ್ರಷ್‌ಗೆ ಹತ್ತಿರವಾಗಿ, ಅದನ್ನು ಇಡುವುದು ಸರಿಯಾದ ಕ್ರಮ.

ಎರಡನೆಯದು ಎಣ್ಣೆ. ಯಂತ್ರದ ಶೆಡ್‌ಗಳಲ್ಲಿ ಬಳಕೆಯಲ್ಲಿರುವ ಎಫ್‌ಆರ್‌ಎಲ್ ಘಟಕದಲ್ಲಿ ಫಿಲ್ಟರ್ ಮತ್ತು ರೆಗ್ಯುಲೇಟರ್ ಜೊತೆಗೆ ಲೂಬ್ರಿಕೇಟರ್ ಕೂಡ ಇರುತ್ತದೆ. ಗಾಳಿಯ ಉಪಕರಣಗಳಿಗೆ ಆ ಎಣ್ಣೆ ಬೇಕು, ವಾರ್ನಿಷ್‌ಗೆ ಅದು ವಿಷ. ಎಣ್ಣೆಯ ಕಣ ಬಿದ್ದ ಕಡೆ ವಾರ್ನಿಷ್ ಕೂಡಿಕೊಳ್ಳದೆ ದುಂಡು ಕುಳಿ ಬೀಳುತ್ತದೆ. ಪೇಂಟರುಗಳು ಇದನ್ನು ‘ಫಿಶ್ ಐ’ ಎನ್ನುತ್ತಾರೆ. ವಾರ್ನಿಷ್ ಸಾಲಿಗೆ ಲೂಬ್ರಿಕೇಟರ್ ಇಲ್ಲದ ಪ್ರತ್ಯೇಕ ಕವಲು ತೆಗೆಯಬೇಕು. ಹಿಂದೆ ಎಣ್ಣೆ ಹರಿದ ಕೊಳವೆಯನ್ನು ಈ ಕೆಲಸಕ್ಕೆ ಬಳಸಬಾರದು.

ಮೂರನೆಯದು ಧೂಳು. ಎರಕದ ಮರಳಿನ ಧೂಳು, ಗ್ರೈಂಡಿಂಗ್‌ನ ಕಬ್ಬಿಣದ ಪುಡಿ ಇರುವ ಶೆಡ್ಡಿನಲ್ಲಿ ವಾರ್ನಿಷ್ ಕೆಲಸ ಬೇಡ. ಹಸಿ ವಾರ್ನಿಷ್‌ಗೆ ಅಂಟಿದ ಕಬ್ಬಿಣದ ಕಣ ಆ ದಿನ ಕಾಣದಿದ್ದರೂ ಕೆಲವು ವಾರಗಳ ಬಳಿಕ ಕಂದು ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ. ಆಗ ಗೊಂಬೆ ಗ್ರಾಹಕನ ಮನೆಯಲ್ಲಿರುತ್ತದೆ.

ಮಳೆಗಾಲದ ಬಿಳಿ ಮಂಜು

ಮಳೆಗಾಲದಲ್ಲಿ ವಾರ್ನಿಷ್ ಬಿಳಿಚುವುದು ಎಲ್ಲರಿಗೂ ಗೊತ್ತಿರುವ ದೂರು. ಇದಕ್ಕೆ ಕಾರಣವನ್ನು ತಿಳಿದರೆ ಪರಿಹಾರವೂ ತಿಳಿಯುತ್ತದೆ. ಥಿನ್ನರ್ ವೇಗವಾಗಿ ಆರುವಾಗ ಮೇಲ್ಮೈಯ ಶಾಖವನ್ನು ಹೀರಿಕೊಳ್ಳುತ್ತದೆ, ಗೊಂಬೆಯ ಮೇಲ್ಮೈ ತಣ್ಣಗಾಗುತ್ತದೆ. 25 ಡಿಗ್ರಿ ಉಷ್ಣತೆ, ಶೇ. 85 ಆರ್ದ್ರತೆ ಇರುವ ದಿನ ಮೇಲ್ಮೈ ಸುಮಾರು 22 ಡಿಗ್ರಿಗೆ ಇಳಿದರೆ ಸಾಕು, ಗಾಳಿಯ ತೇವ ಅದರ ಮೇಲೆ ಇಬ್ಬನಿಯಂತೆ ಕೂರುತ್ತದೆ. ಅಂದರೆ ಬರೀ ಮೂರು ಡಿಗ್ರಿಯ ಅಂತರ. 35 ಡಿಗ್ರಿ ಉಷ್ಣತೆ, ಶೇ. 40 ಆರ್ದ್ರತೆಯ ಬೇಸಿಗೆಯ ದಿನ ಇದಕ್ಕೆ 15 ಡಿಗ್ರಿಗೂ ಹೆಚ್ಚು ತಣಿಯಬೇಕಾಗುತ್ತದೆ. ಒಂದೇ ಡಬ್ಬಿ, ಒಂದೇ ಕೈ, ಒಂದೇ ಯಂತ್ರ ಏಪ್ರಿಲ್‌ನಲ್ಲಿ ಕೊಡುವ ಫಲವನ್ನು ಜುಲೈನಲ್ಲಿ ಕೊಡದಿರುವುದಕ್ಕೆ ಇದೇ ಕಾರಣ.

ಪರಿಹಾರಗಳು ಸರಳ. ಗೋಡೆಗೆ ಒಂದು ಆರ್ದ್ರತೆಯ ಮಾಪಕ ತೂಗುಹಾಕಬೇಕು. ಆರ್ದ್ರತೆ ಶೇ. 70 ದಾಟಿದರೆ ಥಿನ್ನರ್ ಆಧಾರದ ವಾರ್ನಿಷ್ ಕೆಲಸವನ್ನು ತಡೆಹಿಡಿಯುವುದು ಉತ್ತಮ. ತಡೆಯಲಾಗದಿದ್ದರೆ ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರ್ ಬಳಸಬೇಕು, ಪದರವನ್ನು ತೆಳುವಾಗಿಸಬೇಕು. ಮುಚ್ಚಿದ ಸಣ್ಣ ಕೋಣೆಯಲ್ಲಿ ಗೊಂಬೆಗಳನ್ನು ಮೊದಲೇ ಇರಿಸಿ ತೇವ ತೆಗೆಯುವ ಯಂತ್ರವನ್ನು ನಡೆಸುವುದು ಇನ್ನೂ ಭದ್ರ. ನೀರಿನ ಆಧಾರದ ಅಕ್ರಿಲಿಕ್ ವಾರ್ನಿಷ್ ಹೀಗೆ ಬಿಳಿಚುವುದು ಕಡಿಮೆ, ಆದರೆ ತೇವದ ದಿನ ಅದು ಆರಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ.

ಬಿಳಿ ಮಂಜಿಗೆ ಇನ್ನೊಂದು ಕಾರಣವೂ ಉಂಟು. ಹೊಳಪಿಲ್ಲದ ಮ್ಯಾಟ್ ವಾರ್ನಿಷ್‌ನಲ್ಲಿ ಬೆಳಕನ್ನು ಚದುರಿಸುವ ನುಣ್ಣನೆಯ ಸಿಲಿಕಾ ಪುಡಿ ಇರುತ್ತದೆ. ಡಬ್ಬಿಯನ್ನು ಚೆನ್ನಾಗಿ ಕಲಕದಿದ್ದರೆ ಮೊದಲ ಗೊಂಬೆಗಳು ಹೊಳೆಯುತ್ತವೆ, ಡಬ್ಬಿಯ ತಳ ಬಂದಾಗ ಕೊನೆಯ ಗೊಂಬೆಗಳು ಬೂದಿ ಬಳಿದಂತಾಗುತ್ತವೆ. ಇದನ್ನು ಮಳೆಯ ಮೇಲೆ ಹೊರಿಸುವಂತಿಲ್ಲ.

ಲೇಪಿಸುವ ಕ್ರಮ

ಬಣ್ಣ ಪೂರ್ತಿ ಆರಿದ ನಂತರ ಗೊಂಬೆಯನ್ನು ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಕೈ ತಾಗದಂತೆ ಹಿಡಿಕೆಗೆ ಸಿಕ್ಕಿಸಬೇಕು. ವಾರ್ನಿಷನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ ತೆಳುಗೊಳಿಸಿ, ಸೋಸಿ ಬಟ್ಟಲಿಗೆ ಹಾಕಬೇಕು. ಒತ್ತಡ 15ರಿಂದ 25 ಪಿಎಸ್‌ಐ, ಅಂತರ 10ರಿಂದ 15 ಸೆಂ.ಮೀ. ಇದ್ದರೆ ಸಾಮಾನ್ಯವಾಗಿ ಸಾಕು. ಹತ್ತಿರವಾದರೆ ದ್ರವ ಹರಿಯುತ್ತದೆ. ದೂರವಾದರೆ ಹನಿಗಳು ಗಾಳಿಯಲ್ಲಿಯೇ ಆರಿ ಮರಳಿನಂತೆ ಒರಟಾಗಿ ಕೂರುತ್ತವೆ. ಸಿಂಪಡಿಕೆ ಗೊಂಬೆಯ ಹೊರಗೆ ಆರಂಭವಾಗಿ, ಅದನ್ನು ದಾಟಿ, ಹೊರಗೇ ನಿಲ್ಲಬೇಕು. ಗೊಂಬೆಯ ಮೇಲೆಯೇ ಗುಂಡಿ ಒತ್ತಿದರೆ ಮೊದಲ ದಪ್ಪ ಹನಿ ಅಲ್ಲಿಯೇ ಬೀಳುತ್ತದೆ.

ಒಂದು ದಪ್ಪ ಪದರಕ್ಕಿಂತ ಮೂರು ತೆಳು ಪದರ ಮೇಲು. ಪದರಗಳ ನಡುವೆ 15-20 ನಿಮಿಷ ಬಿಡುವಿರಬೇಕು, ತೇವದ ದಿನ ಅದಕ್ಕೂ ಹೆಚ್ಚು. ಬೇಕಾದುದು ಮ್ಯಾಟ್ ನೋಟವಾದರೂ ಮೊದಲ ಎರಡು ಪದರ ಹೊಳಪಿನ ವಾರ್ನಿಷ್ ಇರಲಿ. ಗಟ್ಟಿತನ ಅದರಿಂದ ಬರುತ್ತದೆ. ಕೊನೆಯ ಪದರ ಮಾತ್ರ ಮ್ಯಾಟ್ ಆದರೆ ಸಾಕು. ಕನಿಷ್ಠ 24 ಗಂಟೆ ಕಳೆಯದೆ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಬಾರದು. ಮುಟ್ಟಿದರೆ ಅಂಟದಿರುವುದು ಬೇರೆ, ಒಳಗೆ ಗಟ್ಟಿಯಾಗಿರುವುದು ಬೇರೆ. ಕೆಲಸ ಮುಗಿದ ತಕ್ಷಣ ಏರ್‌ಬ್ರಷ್ ತೊಳೆಯುವುದು ಸಹ ಕೆಲಸದ ಭಾಗವೇ. ಸೂಜಿಯ ತುದಿಯಲ್ಲಿ ಒಣಗಿದ ವಾರ್ನಿಷ್ ಮರುದಿನ ಉಗುಳಿನಂತೆ ಚಿಮ್ಮುತ್ತದೆ.

ವೆಚ್ಚದ ಲೆಕ್ಕ

ಲೆಕ್ಕವನ್ನು ಸ್ಪಷ್ಟಪಡಿಸಲು ಒಂದು ಊಹಿತ ಉದಾಹರಣೆಯನ್ನು ಪರಿಶೀಲಿಸಬಹುದು. ಒಂದು ಘಟಕ ತಿಂಗಳಿಗೆ 12 ಸೆಂ.ಮೀ. ಎತ್ತರದ 500 ಗೊಂಬೆಗಳಿಗೆ ವಾರ್ನಿಷ್ ಮಾಡುತ್ತದೆ. ಈ ಹಂತಕ್ಕೆ ಬರುವ ವೇಳೆಗೆ ಪ್ರತಿ ಗೊಂಬೆಗೆ ತಗುಲಿದ ವೆಚ್ಚ ರೂ. 240 ಎಂದಿಟ್ಟುಕೊಳ್ಳೋಣ. ಕೊನೆಯ ಲೇಪದ ವೆಚ್ಚ ಪ್ರತಿ ಗೊಂಬೆಗೆ ಹೀಗಿರುತ್ತದೆ:

ವಾರ್ನಿಷ್ ಮತ್ತು ಥಿನ್ನರ್ (ಸುಮಾರು 5 ಮಿ.ಲೀ.) – ರೂ. 3.00
ಕೂಲಿ (6 ನಿಮಿಷ, ಗಂಟೆಗೆ ರೂ. 100ರಂತೆ) – ರೂ. 10.00
ಉಪಕರಣಗಳ ಸವಕಳಿ (ರೂ. 36,000, ಐದು ವರ್ಷ) – ರೂ. 1.20
ವಿದ್ಯುತ್, ತೊಳೆಯುವ ಥಿನ್ನರ್, ಮುಖವಾಡದ ಕಾರ್ಟ್ರಿಜ್ – ರೂ. 1.80
ಒಟ್ಟು – ರೂ. 16.00

ಲೇಪವಾದ ಗೊಂಬೆಯ ವೆಚ್ಚ ರೂ. 256, ತಿಂಗಳಿಗೆ ಒಟ್ಟು ರೂ. 1,28,000. ಇದರಲ್ಲಿ ಶೇ. 8, ಅಂದರೆ 40 ಗೊಂಬೆಗಳು ಬಿಳಿಚಿ ಅಥವಾ ಕುಳಿಬಿದ್ದು ಹಾಳಾದರೆ ಅದೇ ಮೊತ್ತವನ್ನು 460 ಒಳ್ಳೆಯ ಗೊಂಬೆಗಳು ಹೊರಬೇಕು. ಒಂದರ ವೆಚ್ಚ ರೂ. 278.26 ಆಗುತ್ತದೆ. ಹಾಳಾಗುವ ಪ್ರಮಾಣ ಶೇ. 1ಕ್ಕೆ ಇಳಿದರೆ ರೂ. 258.59. ಅಂತರ ರೂ. 19.67. ಇಡೀ ಲೇಪದ ವೆಚ್ಚ ರೂ. 16 ಆಗಿರುವಾಗ ಲೇಪ ಕೆಡುವುದರಿಂದ ತಗುಲುವ ವೆಚ್ಚ ಅದಕ್ಕಿಂತ ಹೆಚ್ಚು ಎಂಬುದನ್ನು ಗಮನಿಸಬೇಕು. ಒಳ್ಳೆಯ ಫಿಲ್ಟರ್ ಮತ್ತು ಆರ್ದ್ರತೆ ಮಾಪಕಕ್ಕೆ ರೂ. 6,000 ಹೂಡಿದರೂ ಐದು ವರ್ಷಕ್ಕೆ ಹಂಚಿದಾಗ ಗೊಂಬೆಯೊಂದಕ್ಕೆ ಬೀಳುವುದು 20 ಪೈಸೆ. ವಾರ್ನಿಷ್ ಡಬ್ಬಿಯಲ್ಲಿ ಲೀಟರಿಗೆ ನೂರು ರೂಪಾಯಿ ಉಳಿಸಿದರೆ ಗೊಂಬೆಗೆ ಉಳಿಯುವುದು 50 ಪೈಸೆ. ಉಳಿತಾಯ ಎಲ್ಲಿ ಮಾಡಬೇಕೆಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಇನ್ನೊಂದು ಪ್ರಶ್ನೆ ಕಾಯುವುದರದು. ಮಳೆ ಹಿಡಿದಿದೆ, ವ್ಯಾಪಾರಿ ಅವಸರ ಮಾಡುತ್ತಿದ್ದಾನೆ, ಸರಕು ನಿಂತರೆ ಬಡ್ಡಿ ಬೆಳೆಯುತ್ತದೆ ಎಂಬುದು ಸಾಮಾನ್ಯ ಆತಂಕ. ಲೇಪಕ್ಕೆ ಮೊದಲು 500 ಗೊಂಬೆಗಳಲ್ಲಿ ತೊಡಗಿರುವ ಬಂಡವಾಳ ರೂ. 1,20,000. ವಾರ್ಷಿಕ ಶೇ. 12ರ ಬಡ್ಡಿಯಲ್ಲಿ 15 ದಿನಕ್ಕೆ ಸುಮಾರು ರೂ. 592. ಮೂರು ಗೊಂಬೆ ಹಾಳಾದರೆ ಆಗುವ ನಷ್ಟ ರೂ. 768. ಹೀಗಾಗಿ ಹದಿನೈದು ದಿನ ಕಾಯುವುದು ಮೂರು ಗೊಂಬೆ ಕೆಡಿಸುವುದಕ್ಕಿಂತ ಅಗ್ಗ. ಹಬ್ಬದ ದಿನಾಂಕ ಮಾತ್ರ ಕಾಯುವುದಿಲ್ಲವಾದ್ದರಿಂದ ಬಣ್ಣದ ಕೆಲಸವನ್ನು ಬೇಸಿಗೆಯಲ್ಲಿಯೇ ಮುಗಿಸಿ, ಸಾಧ್ಯವಾದಷ್ಟು ಲೇಪವನ್ನೂ ಮಳೆಗೆ ಮೊದಲೇ ಮಾಡಿಡುವ ವೇಳಾಪಟ್ಟಿಯೇ ಸರಿಯಾದ ಉತ್ತರ. ಆ ಎರಡು-ಮೂರು ತಿಂಗಳ ಬಡ್ಡಿಯನ್ನು ನಷ್ಟವೆಂದು ಕಾಣದೆ ಉತ್ಪಾದನಾ ವೆಚ್ಚದಲ್ಲಿ ಸೇರಿಸಿ ಬೆಲೆ ಕಟ್ಟಬೇಕು.

ಲೆಕ್ಕಪತ್ರದಲ್ಲಿ ಹಾಳಾದ ಗೊಂಬೆಗಳನ್ನು ದಿನವಹಿಯಾಗಿ, ಕಾರಣ ಮತ್ತು ಆ ದಿನದ ಆರ್ದ್ರತೆಯೊಡನೆ ಬರೆದಿಡುವುದು ಅಗತ್ಯ. ಕೆಲಸದ ಸ್ವಭಾವದಿಂದ ಆಗುವ ಸಾಮಾನ್ಯ ನಷ್ಟವನ್ನು ಒಳ್ಳೆಯ ಸರಕಿನ ವೆಚ್ಚಕ್ಕೆ ಹಂಚಬೇಕು. ಅಸಾಮಾನ್ಯ ನಷ್ಟವನ್ನು ಲಾಭ-ನಷ್ಟದ ಖಾತೆಗೆ ಒಯ್ಯಬೇಕು. ಎರಡನ್ನೂ ಬೆರೆಸಿದರೆ ಬೆಲೆಯೂ ತಪ್ಪುತ್ತದೆ, ದೋಷವೂ ಕಣ್ಣಿಗೆ ಬೀಳುವುದಿಲ್ಲ.

ಜಾಬ್ ವರ್ಕ್ ಮತ್ತು ಕಾನೂನು

ಸ್ವಂತ ವ್ಯವಸ್ಥೆ ಇಲ್ಲದವರು ಲೇಪವನ್ನು ಬೇರೆ ಘಟಕಕ್ಕೆ ಒಪ್ಪಿಸಬಹುದು. ಜಿಎಸ್‌ಟಿ ಕಾಯ್ದೆಯ 143ನೆಯ ಕಲಮಿನಂತೆ ನೋಂದಾಯಿತ ವ್ಯಾಪಾರಿಯು ತೆರಿಗೆ ಕಟ್ಟದೆ ಡೆಲಿವರಿ ಚಲನ್ ಮೇಲೆ ಸರಕನ್ನು ಜಾಬ್ ವರ್ಕ್‌ಗೆ ಕಳುಹಿಸಬಹುದು. ಆ ಸರಕು ಒಂದು ವರ್ಷದೊಳಗೆ ಹಿಂದಿರುಗಬೇಕು ಅಥವಾ ಅಲ್ಲಿಂದಲೇ ಮಾರಾಟವಾಗಬೇಕು. ತಪ್ಪಿದರೆ ಕಳುಹಿಸಿದ ದಿನವೇ ಪೂರೈಕೆಯಾಯಿತೆಂದು ತೆರಿಗೆ ಬೀಳುತ್ತದೆ. ಐಟಿಸಿ-04 ನಮೂನೆಯನ್ನು 5 ಕೋಟಿ ರೂಪಾಯಿವರೆಗಿನ ವಹಿವಾಟಿನವರು ವರ್ಷಕ್ಕೊಮ್ಮೆ, ಅದಕ್ಕೂ ಮೇಲ್ಪಟ್ಟವರು ಅರ್ಧ ವರ್ಷಕ್ಕೊಮ್ಮೆ ಸಲ್ಲಿಸಬೇಕು. ಕೆಟ್ಟ ಗೊಂಬೆಯ ಹೊಣೆ ಯಾರದು, ಎಷ್ಟು ಶೇಕಡಾವರೆಗೆ ಸಾಮಾನ್ಯ ನಷ್ಟ ಎಂಬುದನ್ನು ಆದೇಶಪತ್ರದಲ್ಲಿಯೇ ಬರೆದುಕೊಳ್ಳುವುದು ಇಬ್ಬರ ಸ್ನೇಹಕ್ಕೂ ಒಳ್ಳೆಯದು.

ಮಕ್ಕಳ ಆಟಿಕೆಯಾಗಿ ಮಾರುವ ಸರಕಿಗೆ 2021ರ ಜನವರಿ 1ರಿಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಅನ್ವಯಿಸುತ್ತದೆ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಯಾರಿಸಿ ಮಾರುವ ವಸ್ತುಗಳಿಗೂ ಭೌಗೋಳಿಕ ಸೂಚನೆ ಪಡೆದ ಉತ್ಪನ್ನಗಳ ಅಧಿಕೃತ ಬಳಕೆದಾರರಿಗೂ ವಿನಾಯಿತಿಯಿದೆ. ಶೆಡ್ಡಿನಲ್ಲಿ ತಯಾರಿಸುವ ಪ್ರತಿಯೊಬ್ಬರಿಗೂ ಅದು ತಾನಾಗಿ ದೊರೆಯುವುದಿಲ್ಲ. ಗೃಹ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದೆಂಬ 2016ರ ನಿಯಮವೂ ಜಾರಿಯಲ್ಲಿದೆ. ಬಣ್ಣ ಕೊಳ್ಳುವಾಗ ಬಿಲ್ಲು ಮತ್ತು ತಯಾರಕರ ಪ್ರಮಾಣಪತ್ರವನ್ನು ಕಡತದಲ್ಲಿಡಬೇಕು. ಮೇಲೆ ವಾರ್ನಿಷ್ ಇದೆಯೆಂಬ ಕಾರಣಕ್ಕೆ ಕೆಳಗಿನ ಬಣ್ಣದ ಸೀಸ ಮರೆಯಾಗುವುದಿಲ್ಲ. ಮಗು ಕಚ್ಚಿದಾಗ ಎರಡೂ ಪದರ ಒಟ್ಟಿಗೇ ಬಾಯಿಗೆ ಹೋಗುತ್ತವೆ. ವಿಸರ್ಜನೆಗಾಗಿ ಮಾಡುವ ಮಣ್ಣಿನ ಗಣಪತಿಗೆ ವಾರ್ನಿಷ್ ಮಾಡದಿರುವುದೇ ನೀರಿನ ದೃಷ್ಟಿಯಿಂದ ಯೋಗ್ಯ.

ಕೆಲಸಗಾರರ ಸುರಕ್ಷತೆ

ಏರ್‌ಬ್ರಷ್‌ನ ಹನಿ ಕಣ್ಣಿಗೆ ಕಾಣದಷ್ಟು ಸಣ್ಣದಾದುದರಿಂದ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಬಟ್ಟೆಯ ಮುಖವಾಡ ಥಿನ್ನರಿನ ಆವಿಯನ್ನು ತಡೆಯಲಾರದು. ಆವಿ ಹೀರುವ ಕಾರ್ಟ್ರಿಜ್ ಉಳ್ಳ ಮುಖವಾಡ ಕಡ್ಡಾಯವಾಗಿರಲಿ. ವಾಸನೆಯಿಲ್ಲದ ನೀರಿನ ವಾರ್ನಿಷ್‌ಗೂ ಕಣ ತಡೆಯುವ ಮುಖವಾಡ ಬೇಕು. ಎರಡು ಡಬ್ಬಿ ಬೆರೆಸುವ ಪಾಲಿಯುರಿಥೇನ್ ವಾರ್ನಿಷ್‌ನ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇದ್ದು, ಉಬ್ಬಸ ತರಬಲ್ಲದು. ಪ್ರತ್ಯೇಕ ಗಾಳಿಯ ಪೂರೈಕೆ ಇಲ್ಲದ ಸಣ್ಣ ಘಟಕಗಳು ಅದನ್ನು ಕೈಗೊಳ್ಳದಿರುವುದೇ ಲೇಸು. ಆವಿಯನ್ನು ಹೊರಹಾಕುವ ಫ್ಯಾನಿನ ಮೋಟಾರು ಕಿಡಿ ಹಾರದ ಬಗೆಯದಾಗಿರಬೇಕು. ವೆಲ್ಡಿಂಗ್, ಗ್ಯಾಸ್ ಒಲೆ, ಬೀಡಿ-ಸಿಗರೇಟು ಹತ್ತಿರ ಸುಳಿಯಬಾರದು.

ಈ ಹಂತದ ಯಶಸ್ಸಿಗೆ ದೊಡ್ಡ ಯಂತ್ರವಾಗಲಿ ದೊಡ್ಡ ಬಂಡವಾಳವಾಗಲಿ ಬೇಕಿಲ್ಲ. ಪ್ರತಿದಿನ ಟ್ಯಾಂಕಿನ ನೀರು ಬಿಡುವುದು, ಮಾಪಕ ನೋಡಿ ಕೆಲಸ ಆರಂಭಿಸುವುದು, ಪದರದ ನಡುವೆ ಕಾಯುವುದು, ಕೆಟ್ಟುದನ್ನು ಬರೆದಿಡುವುದು – ಈ ನಾಲ್ಕು ಅಭ್ಯಾಸಗಳನ್ನು ರೂಢಿಸಿಕೊಂಡ ಘಟಕದಲ್ಲಿ ಕುಶಲಕರ್ಮಿಯ ರೂ. 240ರ ದುಡಿಮೆ ರೂ. 16ರ ಲೇಪದ ಕೆಳಗೆ ಭದ್ರವಾಗಿರುತ್ತದೆ. ಬರುವ ಮಳೆಗಾಲಕ್ಕೆ ಮುನ್ನ ಪ್ರತಿಯೊಬ್ಬ ಉದ್ದಿಮೆದಾರನೂ ತನ್ನ ಘಟಕದ ಕಳೆದ ಸಾಲಿನ ಹಾಳು ಸರಕಿನ ಲೆಕ್ಕವನ್ನು ಮೇಲಿನ ಮಾದರಿಯಲ್ಲಿ ಒಮ್ಮೆ ಹಾಕಿ ನೋಡುವುದು ಸೂಕ್ತ.